ಅಜ್ಜನ ಪೆನ್ನು, ಸೊಸೆಯ ಸೋಫಾ

ನಾಚಿಕೆಯ ಸ್ವಭಾವದವರಿಂದ ಯಾರಿಗೂ ಉಪದ್ರವ ಇಲ್ಲ ಎಂದು ಎಲ್ಲರೂ ತಿಳಿದಿದ್ದಾರೆ. ಪಾಪ, ಅವರಷ್ಟಕ್ಕೆ ಅವರಿರುತ್ತಾರೆ, ಒಂದು ಮಾತಿಲ್ಲ ಕತೆಯಿಲ್ಲ ಎನ್ನುತ್ತಾರೆ. ಅರವತ್ತೆಂಟು ವರ್ಷ ನಾನೂ ನನ್ನ ಬಗ್ಗೆ ಹಾಗೆಯೇ ತಿಳಿದುಕೊಂಡಿದ್ದೆ. ಆದರೆ ಮಾತು ಬಲ್ಲವರು ಒಂದು ನಿಮಿಷದಲ್ಲಿ ಮುಗಿಸುವ ಕೆಲಸವನ್ನು ನಾಚಿಕೆಯವರು ಐದು ದಿನ ಎಳೆಯುತ್ತಾರೆ, ನಡುವೆ ಒಂದು ಸೋಫಾ ಕೆಡಿಸುತ್ತಾರೆ, ಇಲ್ಲದ ಗಾಯಕ್ಕೆ ಬ್ಯಾಂಡೇಜ್ ಸುತ್ತಿಕೊಳ್ಳುತ್ತಾರೆ ಎನ್ನುವುದು ಈಗ ನನಗೆ ಅನುಭವದಿಂದ ಗೊತ್ತು. ಈ ಸೋಫಾದ ಕತೆ ನಮ್ಮ ಮೊಮ್ಮಕ್ಕಳ ಬಾಯಲ್ಲಿ ಬೇರೆ ಬೇರೆ ರೀತಿಯಲ್ಲಿ ತಿರುಗುತ್ತಿದೆ. ಶೃಂಗೇರಿಯಲ್ಲಿರುವ ನನ್ನ ತಂಗಿ ಗಿರಿಜೆಯ ಮೊಮ್ಮಕ್ಕಳು, ಅಜ್ಜಿ ಸೋಫಾಕ್ಕೆ ಹಾಲು ಕುಡಿಸಿದಳು ಎಂದು ನಗುತ್ತಾರೆ. ಅಜ್ಜಿಗೆ ಹಲ್ಲುಜ್ಜುವ ಪೇಸ್ಟಿಗೂ ಸೋಪಿಗೂ ವ್ಯತ್ಯಾಸ ಗೊತ್ತಿಲ್ಲ ಎಂದೂ ಒಂದು ಮಾತು ಹುಟ್ಟಿಕೊಂಡಿದೆ. ಎಲ್ಲರಿಗಿಂತ ಹೆಚ್ಚು ಹೇಳಬೇಕಾದವಳು ಕೊಪ್ಪದ ಈ ಮನೆಯಲ್ಲೇ ಇರುವ ನನ್ನ ಮೊಮ್ಮಗಳು ಇಂಚರ. ಅವಳು ಮಾತ್ರ ಏನೂ ಹೇಳುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ, ಮಕ್ಕಳೇ. ಬಾಯಲ್ಲಿ ಹೇಳು ಎಂದರೆ ನನ್ನಿಂದಾಗದು.

ಮೊದಲು ಸೋಫಾದ ವಿಷಯ. ನನ್ನ ಸೊಸೆ ವೀಣಾ ಎನ್.ಆರ್. ಪುರದಲ್ಲಿ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆ ಆರಕ್ಕೆ. ಹೆಚ್ಚಿನ ದಿನ ಬಸ್ಸಿನಲ್ಲಿ ನಿಂತೇ ಬರುತ್ತಾಳೆ. ಮನೆಗೆ ಬಂದ ಮೇಲಾದರೂ ಬೆನ್ನು ಊರಲು ಒಂದು ಒಳ್ಳೆಯ ಸೀಟು ಬೇಕು ಎಂದು ಎಷ್ಟೋ ವರ್ಷ ಆಸೆಪಟ್ಟು, ಶಿವಮೊಗ್ಗದ ಅಂಗಡಿಗಳನ್ನೆಲ್ಲ ಸುತ್ತಿ, ಅವಳು ಈ ಸೋಫಾ ತಂದಳು. ಕಾಯಿಹಾಲಿನ ಬಣ್ಣ. ಕೈಯಾಡಿಸಿದರೆ ಬೆಕ್ಕಿನ ಮರಿಯ ಹೊಟ್ಟೆ ಮುಟ್ಟಿದ ಹಾಗೆ. ಒಂದು ಕಡೆಗೆ ಸವರಿದರೆ ಬೆಳ್ಳಗೆ, ಇನ್ನೊಂದು ಕಡೆಗೆ ಸವರಿದರೆ ಸ್ವಲ್ಪ ಮಬ್ಬು. ಮನೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ತಿನ್ನುವವರು, ಎಲೆಯಡಿಕೆ ಹಾಕುವವರು ಇರುವಾಗ ಇಂಥ ಬಣ್ಣ ಯಾಕೆ ಎಂದು ನನಗೆ ಅನ್ನಿಸಿತ್ತು; ಹೇಳಲಿಲ್ಲ. ನನ್ನ ಮಗ ಪ್ರಸನ್ನನಿಗಂತೂ, ಅವನದು ಮೋಟಾರು ರಿಪೇರಿಯ ಅಂಗಡಿ, ನಮ್ಮ ಸೋಫಾ ಯಾವ ಬಣ್ಣ ಎಂದು ಕೇಳಿದರೆ ಇವತ್ತಿಗೂ ಎದ್ದು ಹೋಗಿ ನೋಡಿಕೊಂಡು ಬರಬೇಕು.

ನಾನು ಸೋಫಾದ ಮೇಲೆ ಕೂರುವವಳಲ್ಲ. ಯಾರೂ ಬೇಡ ಎಂದದ್ದಲ್ಲ, ವೀಣಾ ನೂರು ಸಲ ಕರೆದಿದ್ದಾಳೆ. ನನಗೆ ಚಾಪೆಯೇ ಸರಿ, ಸೋಫಾದ ಬುಡಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದರೆ ಟೀವಿಯೂ ಕಾಣುತ್ತದೆ ಎನ್ನುತ್ತಿದ್ದೆ. ಇದು ಎಲ್ಲರೂ ಮನೆಯಲ್ಲಿ ಇರುವಾಗಿನ ಮಾತು. ಮಧ್ಯಾಹ್ನ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ಮನೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರುವುದಿಲ್ಲ. ಆಗ ನಾನು ಸೋಫಾದ ಕಿಟಕಿ ಬದಿಯ ಮೂಲೆಯಲ್ಲಿ ಕೂತು, ತೊಡೆಯ ಮೇಲೆ ಇಂಚರಳ ಹಳೆಯ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಿದ್ದೆ. ನಾನು ಕಲಿತದ್ದು ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಶಾಲೆಯಲ್ಲಿ, ಏಳನೆಯವರೆಗೆ. ಬರೆಯುವುದು ಮಹಾ ಏನಲ್ಲ. ನಮ್ಮ ಕಾಲದಲ್ಲಿ ಹೀಗಿತ್ತು, ನಿಮ್ಮ ಅಜ್ಜ ಹೀಗಂದರು, ಅಷ್ಟೆ. ಅದೂ ನಿಮ್ಮ ಅಜ್ಜನ ಶಾಯಿ ಪೆನ್ನಿನಲ್ಲೇ ಬರೆಯಬೇಕು. ಅವರು ಹೋದ ಮೇಲೆ ಅವರ ವಾಚನ್ನು ಮಗ ಕಟ್ಟಿಕೊಂಡ, ಕೊಡೆಯನ್ನು ಯಾರೋ ಒಯ್ದರು, ಪೆನ್ನನ್ನು ಯಾರೂ ಕೇಳಲಿಲ್ಲ. ನಾನು ತೆಗೆದಿಟ್ಟುಕೊಂಡೆ. ಈ ಬರೆಯುವ ವಿಷಯ ಯಾರಿಗೂ ಗೊತ್ತಿರಲಿಲ್ಲ. ಶಾಯಿ ಮುಗಿದಾಗ ಪೇಟೆಯ ಅಂಗಡಿಗೆ ಹೋಗಿ, ಆ ಅಂಗಡಿಯವರು ಕೇಳದಿದ್ದರೂ, ಮೊಮ್ಮಗಳಿಗೆ ಬೇಕಂತೆ ಎಂದು ಹೇಳಿ ಬಾಟಲಿ ತರುತ್ತಿದ್ದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನಗೆ ನೆನಪಿರಲಿಲ್ಲ.

ಒಂದು ಸೋಮವಾರ ಹೀಗೆ ಬರೆಯುತ್ತಿರುವಾಗ, ಒಂದು ವಾಕ್ಯದ ಮಧ್ಯದಲ್ಲಿ, ಪಕ್ಕದ ಮನೆಯ ಲಲಿತಮ್ಮ ಬಾಗಿಲು ತಳ್ಳಿಕೊಂಡು ಬಂದರು. ಅವರು ಬರುವ ಮೊದಲು ಕರೆಯುವುದಿಲ್ಲ, ಬಂದ ಮೇಲೆ ಕರೆಯುತ್ತಾರೆ. ನೋಟ್‌ಬುಕ್ಕನ್ನು ಸೋಫಾದ ಹಿಂದಕ್ಕೆ ಬೀಳಿಸಿದೆ. ಪೆನ್ನನ್ನು ಎಲ್ಲಿಡುವುದೆಂದು ತೋಚದೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ. ಮುಚ್ಚಳ ಹಾಕುವಷ್ಟು ಹೊತ್ತು ಇರಲಿಲ್ಲ. ಲಲಿತಮ್ಮನವರಿಗೆ ತಮ್ಮ ನಾದಿನಿಯ ಮಂಡಿ ನೋವಿನಿಂದ ಶುರುಮಾಡಿ ಬಾಳೆಕಾಯಿ ಚಿಪ್ಸಿಗೆ ಯಾವ ಎಣ್ಣೆ ಎನ್ನುವಲ್ಲಿಗೆ ಬರಲು ಒಂದು ಗಂಟೆ ಹಿಡಿಯಿತು. ಕಾಫಿ ಮಾಡಲೂ ಏಳದೆ ನಾನು ಕೂತೇ ಇದ್ದೆ. ಅವರು ಹೋಗುವಾಗ, "ಎಂತ ಮಾರಾಯ್ರೆ, ಇವತ್ತು ಸೋಫಾ ಬಿಟ್ಟು ಏಳುದೇ ಇಲ್ಲ ನೀವು," ಎಂದು ನಕ್ಕರು. ಅವರನ್ನು ಕಳಿಸಿ ಎದ್ದು ನೋಡುತ್ತೇನೆ, ಹಲಸಿನ ಎಲೆಯಷ್ಟು ದೊಡ್ಡ ನೀಲಿ ಕಲೆ. ತೊಟ್ಟು ಕೂಡ ಇತ್ತು. ನನ್ನ ಸೀರೆ ಕಡುನೀಲಿಯದು, ಅದರಲ್ಲಿ ಏನೂ ಕಾಣಲಿಲ್ಲ. ಅದು ಮಾತ್ರ ನನ್ನ ಪರವಾಗಿತ್ತು.

ಸಂಜೆ ವೀಣಾ ಬಂದಾಗ ಹೇಳಿಬಿಡಬೇಕು ಎಂದು ಮಧ್ಯಾಹ್ನವೆಲ್ಲ ಮಾತನ್ನು ಜೋಡಿಸಿಕೊಂಡೆ. ಆದರೆ ನನಗಿಂತ ಮೊದಲು ಕಲೆಯೇ ಅವಳ ಕಣ್ಣಿಗೆ ಬಿತ್ತು. ಅವಳು ಕೂಗಾಡುವವಳಲ್ಲ. ಸುಮ್ಮನೆ ನಿಂತು ನೋಡಿದಳು. ಕೈಯಲ್ಲಿದ್ದ ಟಿಫಿನ್ ಬ್ಯಾಗನ್ನು ಕೆಳಗಿಡುವುದೂ ಮರೆತಿದ್ದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಇಂಚರಳನ್ನು ಕರೆದಳು. ಎಂಟನೆಯ ತರಗತಿಯ ಇಂಚರ ಚಿತ್ರ ಬರೆಯುವವಳು. ಶನಿವಾರ ಶೃಂಗೇರಿಯಲ್ಲಿ ಚಿತ್ರಸ್ಪರ್ಧೆ ಇದೆ ಎಂದು ತಿಂಗಳಿನಿಂದ ಮನೆಯ ಮೂಲೆಮೂಲೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು. ಅವಳು ತಾನಲ್ಲ ಎಂದಳು. ಆಗ ವೀಣಾ ಶಾಯಿಯ ಅಂಗಡಿಯ ಮಾತು ತೆಗೆದಳು. ಅಂಗಡಿಯವರು ಮೊನ್ನೆ ಸಿಕ್ಕಿದ್ದಾಗ, ನಿಮ್ಮ ಮಗಳಿಗೆ ಎಷ್ಟು ಶಾಯಿ ಬೇಕಾಗ್ತದೆ ಮಾರಾಯ್ರೆ, ಅಜ್ಜಿ ಬಂದು ಬಂದು ಒಯ್ತಾರೆ ಎಂದಿದ್ದರಂತೆ. ಇಂಚರ ತಾನು ಶಾಯಿಯನ್ನೇ ತರಿಸಿಲ್ಲ ಎಂದಳು. ವೀಣಾ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆದೆ. ನಾಳೆಗೆ ದೋಸೆಗೆ ಅಕ್ಕಿ ನೆನೆಹಾಕಬೇಕೇ ಎಂದು ಕೇಳಿದೆ. ಅದು ಹೇಗೆ ಆ ಮಾತು ಬಂತೋ ನನಗೆ ಇಂದಿಗೂ ತಿಳಿಯದು. ವೀಣಾ ಅದನ್ನು, ಅಜ್ಜಿ ಮೊಮ್ಮಗಳ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದು ಅರ್ಥ ಮಾಡಿಕೊಂಡಳು. ಕಲೆ ಆದರೆ ಆಗಲಿ, ಸುಳ್ಳು ಹೇಳಬಾರದು, ನಿಜ ಹೇಳುವವರೆಗೆ ಶನಿವಾರದ ಶೃಂಗೇರಿ ಇಲ್ಲ ಎಂದು ಮಗಳಿಗೆ ಹೇಳಿ ಒಳಗೆ ಹೋದಳು.

ನನಗೆ ಒಂದೇ ದಾರಿ ಕಂಡದ್ದು: ಶನಿವಾರದೊಳಗೆ ಕಲೆ ಹೋದರೆ ಜಗಳವೂ ಹೋಗುತ್ತದೆ. ಮಂಗಳವಾರ ಎಲ್ಲರೂ ಹೊರಟ ಮೇಲೆ ಗಿರಿಜೆಗೆ ಫೋನು ಮಾಡಿದೆ. ಗಿರಿಜೆಯ ಮನೆಯವರದು ಶೃಂಗೇರಿಯಲ್ಲಿ ಯಾತ್ರಿಕರಿಗೆ ರೂಮು ಕೊಡುವ ವಸತಿಗೃಹ. ಮೂವತ್ತು ವರ್ಷದಿಂದ ಊರೂರಿನ ಜನ ಮಲಗಿ ಹೋದ ಹಾಸಿಗೆಯ ಬಟ್ಟೆ ಒಗೆಸಿ ಒಗೆಸಿ, ಕುಂಕುಮ, ಎಣ್ಣೆ, ಪಂಚಾಮೃತ ಯಾವುದಕ್ಕೆ ಏನು ಎಂದು ಅವಳಿಗೆ ಬಾಯಿಪಾಠ. ಶಾಯಿ ಎಂದ ಕೂಡಲೇ, "ಎಂತ ಶಾಯಿಯೇ ಅಕ್ಕ? ಬಾಲ್ ಪೆನ್ನಿಂದಾ, ಶಾಯಿ ಪೆನ್ನಿಂದಾ? ಅದಕ್ಕೊಂದು ಮದ್ದು, ಇದಕ್ಕೊಂದು ಮದ್ದು. ಅದು ತಿಳಿಯದೆ ನಾನೆಂತ ಹೇಳುದು?" ಎಂದಳು. ಶಾಯಿ ಪೆನ್ನು ಎಂದರೆ, ಈ ಕಾಲದಲ್ಲಿ ಯಾರದ್ದು ಎಂದು ಕೇಳುತ್ತಾಳೆ. ಯಾರದ್ದು ಎಂದರೆ ಯಾಕೆ ಎನ್ನುತ್ತಾಳೆ. ಬಾಲ್ ಪೆನ್ನು ಎಂದೆ. ಹಾಗಾದರೆ ಸ್ಪಿರಿಟ್ ಒಂದೇ ಎಂದಳು. ಹೊಟ್ಟೆ ನೋವಿಗೆ ತಲೆನೋವು ಎಂದು ಹೇಳಿ ಮದ್ದು ತಂದ ಹಾಗಾಯಿತು.

ಸ್ಪಿರಿಟ್ ತರಲು ಮೆಡಿಕಲ್ ಅಂಗಡಿಗೆ ಹೋದರೆ, ಯಾರಿಗೆ ಏನಾಯಿತಮ್ಮ ಎಂದು ಕೇಳಿದರು. ಸೋಫಾಕ್ಕೆ ಎನ್ನಲು ನಾಚಿಕೆಯಾಯಿತು. ನನಗೇ, ಬೆರಳು ಕುಯ್ದುಕೊಂಡೆ ಎಂದೆ. ಅಂಗಡಿಯವರು ಬಹಳ ಒಳ್ಳೆಯವರು. ತೋರಿಸಿ ಎಂದರು. ನಾನು ಬೆರಳನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ಬೇಡ, ನೋಡಿದರೆ ನನಗೆ ತಲೆ ತಿರುಗುತ್ತದೆ ಎಂದೆ. ಅದನ್ನು ಕೇಳಿ ಅವರಿಗೆ ಗಾಬರಿಯಾಗಿ ಹತ್ತಿ, ಬ್ಯಾಂಡೇಜ್, ಒಂದು ಮುಲಾಮು ಎಲ್ಲ ಕಟ್ಟಿಕೊಟ್ಟರು. ಸಂಜೆ ಅವರೇನಾದರೂ ಪ್ರಸನ್ನನಿಗೆ ಹೇಳಿದರೆ ಎಂಬ ಭಯದಲ್ಲಿ ಮನೆಗೆ ಬಂದು ಎಡಗೈಯ ತೋರುಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡೆ. ಅದನ್ನು ನೋಡಿ ವೀಣಾ, ಅತ್ತೆ ನೀರಿಗೆ ಕೈ ಹಾಕಬೇಡಿ ಎಂದು ಪಾತ್ರೆ ತೊಳೆಯುವ ಕೆಲಸವನ್ನು ಇಂಚರಳಿಗೆ ಕೊಟ್ಟಳು. ಹೀಗೆ, ಕಲೆ ಮಾಡಿದವಳು ಚಾಪೆಯ ಮೇಲೆ ಕೂತಿದ್ದಳು. ಮಾಡದವಳು ಪಾತ್ರೆ ತೊಳೆಯುತ್ತಿದ್ದಳು.

ಬುಧವಾರ ಸ್ಪಿರಿಟ್ ಹಚ್ಚುವ ಮೊದಲು, ಒಂದು ಸಲ ಮೊಬೈಲಿನಲ್ಲಿ ನೋಡೋಣ ಎನ್ನಿಸಿತು. ಅಲ್ಲಿ ಒಬ್ಬಳು ಹುಡುಗಿ ಹಾಲು ಎಂದಳು. ಇನ್ನೊಬ್ಬಳು ಹಲ್ಲುಜ್ಜುವ ಪೇಸ್ಟ್ ಎಂದಳು. ಹುಳಿ ಮಜ್ಜಿಗೆ, ಅಕ್ಕಿ ಹಿಟ್ಟು ಎಂದವರೂ ಇದ್ದರು. ಒಬ್ಬರು ನಿಂಬೆಹಣ್ಣಿಗೆ ಉಪ್ಪು ಸೇರಿಸಿ ಎಂದರು, ಅದರ ಕೆಳಗೇ ಬೇರೊಬ್ಬರು ನಿಂಬೆ ಮಾತ್ರ ಮುಟ್ಟಿಸಬೇಡಿ ಎಂದು ಬರೆದಿದ್ದರು. ಕುಶನ್ನಿನ ಜಿಪ್ಪಿನ ಹತ್ತಿರ ಒಂದು ಚೀಟಿ ಹೊಲಿದಿತ್ತು, ಅದರಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಒಂದು ಬಕೆಟ್, ಅದರ ಮೇಲೆ ಇಂಟು ಗುರುತು. ಒಂದು ತ್ರಿಕೋನ, ಅದರ ಮೇಲೂ ಇಂಟು. ನಮ್ಮ ಮೇಷ್ಟರು ತಪ್ಪಾದ ಲೆಕ್ಕದ ಮೇಲೆ ಹಾಕುತ್ತಿದ್ದ ಹಾಗೆ. ಬಕೆಟ್ ತಪ್ಪು, ತ್ರಿಕೋನ ತಪ್ಪು. ಸರಿ ಯಾವುದು ಎಂದು ಮಾತ್ರ ಎಲ್ಲಿಯೂ ಇಲ್ಲ. ನನ್ನ ತಲೆ ಪೂರ್ತಿ ಗೊಂದಲವಾಯಿತು. ಆದರೆ ಒಂದು ಮಾತನ್ನು ಎಲ್ಲರೂ ಹೇಳಿದ್ದರು: ಯಾವುದನ್ನೇ ಆದರೂ ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿ.

ಇದು ನನಗೆ ಬಹಳ ಸರಿ ಎನ್ನಿಸಿತು. ಕಣ್ಣಿಗೆ ಬೀಳದ ಜಾಗ ಎಂದರೆ ಕುಶನ್ನಿನ ಕೆಳಮೈ. ತಿರುಗಿಸಿದೆ. ಹಾಲಿನ ಹಾಗೆ ಸ್ವಚ್ಛ. ಅಲ್ಲೇ ನನಗೊಂದು ತೊಡಕು ಎದುರಾಯಿತು. ಹಾಲು ಹಚ್ಚಿದರೆ ಶಾಯಿ ಹೋಗುತ್ತದೆಯೇ ಎಂದು ಪರೀಕ್ಷೆ ಮಾಡಬೇಕಾದರೆ ಅಲ್ಲಿ ಶಾಯಿ ಇರಬೇಕಲ್ಲ? ಇಲ್ಲದ ಶಾಯಿ ಹೋಯಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಬಹಳ ಯೋಚನೆ ಮಾಡಿ, ನಿಮ್ಮ ಅಜ್ಜನ ಪೆನ್ನಿನಿಂದ ಒಂದು ಸಣ್ಣ ಚುಕ್ಕೆ ಇಟ್ಟೆ. ಒಂದೊಂದು ಮದ್ದಿಗೆ ಒಂದೊಂದು ಚುಕ್ಕೆ ಬೇಕು, ಆದ್ದರಿಂದ ಆರು ಚುಕ್ಕೆ. ಯಾವುದಕ್ಕೆ ಯಾವುದು ಹಚ್ಚಿದೆ ಎಂದು ಮರೆಯಬಾರದು, ಆದ್ದರಿಂದ ಪಕ್ಕದಲ್ಲಿ ಕನ್ನಡ ಅಂಕಿಯಲ್ಲಿ ನಂಬರು ಹಾಕಿ, ೧ ಹಾಲು, ೨ ನಿಂಬೆ ಉಪ್ಪು, ೩ ಸ್ಪಿರಿಟ್, ೪ ಪೇಸ್ಟ್, ೫ ಹುಳಿ ಮಜ್ಜಿಗೆ, ೬ ಅಕ್ಕಿ ಹಿಟ್ಟು ಎಂದು ಬರೆದೆ. ನಾರ್ವೆ ಶಾಲೆಯ ಅಭ್ಯಾಸ, ಎಡಗಡೆ ಎರಡು ಬೆರಳು ಜಾಗ ಬಿಟ್ಟು ಒಂದು ಗೆರೆ ಎಳೆಯದೆ ನನ್ನ ಕೈ ಮುಂದೆ ಹೋಗುವುದೇ ಇಲ್ಲ. ಅದನ್ನೂ ಎಳೆದೆ. ಇಷ್ಟೆಲ್ಲ ಮಾಡುವಾಗ ನನ್ನ ಮನಸ್ಸಿನಲ್ಲಿ ಒಂದು ಬಗೆಯ ಸಮಾಧಾನವೇ ಇತ್ತು, ಒಂದು ಕೆಲಸವನ್ನು ಕ್ರಮವಾಗಿ ಮಾಡುತ್ತಿದ್ದೇನೆ ಎಂದು.

ಫಲಿತಾಂಶ ಗುರುವಾರ ಬಂತು. ಹಾಲು ಹಚ್ಚಿದ್ದು ಸ್ವಲ್ಪ ಮಾಸಿತ್ತು, ಆದರೆ ಇರುವೆ ಬಂದಿತ್ತು. ನಿಂಬೆಯದು ಹಸಿರಾಗಿತ್ತು. ಸ್ಪಿರಿಟ್ ಹಾಕಿದ ಚುಕ್ಕೆ ನಾಲ್ಕು ಪಾಲು ದೊಡ್ಡದಾಗಿ ನೆರೆಯ ಪೇಸ್ಟಿನ ಗಡಿ ದಾಟಿತ್ತು. ಪೇಸ್ಟು ಗಟ್ಟಿಯಾಗಿ ಪುದೀನ ವಾಸನೆ ಬರುತ್ತಿತ್ತು. ಮಜ್ಜಿಗೆಯನ್ನೂ ಅಕ್ಕಿಹಿಟ್ಟನ್ನೂ ಕುರಿತು ಬರೆಯುವುದಿಲ್ಲ. ಒಂದು ಮಾತ್ರ ನಿಜ: ಚುಕ್ಕೆಗಳಾದರೂ ಅತ್ತಿತ್ತ ಹೋದವು, ನಾನು ಬರೆದ ಅಕ್ಷರಗಳು ಒಂದೂ ಅಲುಗಲಿಲ್ಲ. ಮೇಲಿನ ಮೈಯ ಹಲಸಿನ ಎಲೆ ಹಾಗೆಯೇ ಇತ್ತು. ಅದರ ಮೇಲೆ ಏನನ್ನೂ ಹಚ್ಚುವ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ಸಂಜೆ ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಬಾಗಿಲಿನವರೆಗೆ ಬಂದಿದ್ದೆ, ಅಲ್ಲಿಂದ ಮುಂದೆ ಕಾಲು ಬಂದಿರಲಿಲ್ಲ. ಅಷ್ಟರಲ್ಲಿ ಇಂಚರ ತಾಯಿಯ ಎದುರು ಬಂದು ನಿಂತಳು. ನೆಲ ನೋಡುತ್ತ, "ನಾನೇ ಚೆಲ್ಲಿದ್ದು ಅಮ್ಮ. ಇನ್ನು ಹಾಗೆ ಮಾಡುದಿಲ್ಲ. ನಾಳೆ ಹೋಗ್ಲಾ?" ಎಂದಳು.

ವೀಣಾಳ ಮುಖ ಸಡಿಲವಾಯಿತು. ಮಗಳ ತಲೆ ಸವರಿ, "ಇಷ್ಟು ಹೇಳ್ಲಿಕ್ಕೆ ಐದು ದಿನ ಬೇಕಿತ್ತಾ ನಿಂಗೆ?" ಎಂದಳು. ಆ ಪ್ರಶ್ನೆ ಅವಳನ್ನು ದಾಟಿ ನೇರ ಅಡಿಗೆ ಮನೆಯ ಬಾಗಿಲಿಗೆ ಬಂತು. ಆಮೇಲೆ ನಗುತ್ತ, ಕಲೆಗೆ ಎಂತ ಅಲ್ವಾ ಅತ್ತೆ, ಕುಶನ್ ಮಗುಚಿ ಹಾಕಿದರೆ ಆಯಿತು, ಅಡಿ ಬದಿ ಹೊಸತೇ ಇದೆಯಲ್ಲ, ಈ ಸಿಟ್ಟಿನಲ್ಲಿ ನನಗೆ ಅದು ಹೊಳೆದೇ ಇಲ್ಲ ಎನ್ನುತ್ತ ಸೋಫಾದ ಹತ್ತಿರ ಹೋದಳು.

ನಾನು ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ, ಅಡಿಗೆ ಮನೆಯಿಂದ ಸೋಫಾದವರೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದು ಆ ಕುಶನ್ನಿನ ಮೇಲೆ ಕೂತುಬಿಟ್ಟೆ. ಸೋಫಾ ಬಂದ ದಿನದಿಂದ ಅದರ ಮೇಲೆ ಕೂರದ ಅತ್ತೆ ಸೆರಗು ಬಿಗಿದು ಕೂತದ್ದನ್ನು ವೀಣಾ ಬೆರಗಾಗಿ ನೋಡಿದಳು. ಏನಾದರೂ ಆಗುತ್ತಿದೆಯೇ, ನೀರು ಬೇಕೇ ಎಂದು ಕೇಳಿದಳು. ಹ್ಞೂಂ ಎಂದೆ. ಅವಳು ನೀರು ತರಲು ಹೋದಳು. ಇಂಚರ ನನ್ನ ಕಾಲ ಬಳಿ ಚಾಪೆಯ ಮೇಲೆ, ಯಾವಾಗಲೂ ನಾನು ಕೂರುವ ಜಾಗದಲ್ಲಿ ಕೂತಳು. ಮೆಲ್ಲಗೆ, "ಅಜ್ಜಿ, ಮಾಡದ್ದನ್ನ ಮಾಡಿದೆ ಅಂತ ಹೇಳಿದ್ರೆ ಅದೂ ಸುಳ್ಳೇ ಅಲ್ದಾ?" ಎಂದು ಕೇಳಿದಳು.

ಮಾತು ಬರುವುದಿಲ್ಲ ಎನ್ನುವುದು ಅಷ್ಟು ಹೊತ್ತಿಗೆ ನನಗೂ ಖಚಿತವಾಗಿತ್ತು. ವೀಣಾ ನೀರಿನ ಲೋಟ ಹಿಡಿದು ಬರುವಾಗ ನಾನು ಎದ್ದೆ, ಬ್ಯಾಂಡೇಜ್ ಕಟ್ಟಿದ ಕೈಯಿಂದಲೇ ಕುಶನ್ನನ್ನು ಎತ್ತಿ ಮಗುಚಿ ಹಾಕಿದೆ. ಹಾಕಿ, ತಪ್ಪು ಮಾಡಿದ ಮಕ್ಕಳು ಮೇಷ್ಟರ ಮುಂದೆ ನಿಲ್ಲುವ ಹಾಗೆ ಪಕ್ಕಕ್ಕೆ ನಿಂತೆ.

ವೀಣಾ ಬಗ್ಗಿ, ಒಂದರಿಂದ ಆರರವರೆಗೆ ಓದಿದಳು. ಕನ್ನಡ ಅಂಕಿಯಲ್ಲಿ ನಂಬರು ಹಾಕುವವರು ಈ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರಿನ ಲೋಟವನ್ನು ನನಗೆ ಕೊಡುವ ಬದಲು ತಾನೇ ಕುಡಿದಳು. "ಮಾರ್ಜಿನ್ ಬೇರೆ ಬಿಟ್ಟಿದ್ದೀರಲ್ಲ ಅತ್ತೆ," ಎಂದಳು. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅದೇ ಸೋಫಾದ ತುದಿಯಲ್ಲಿ ಕುಸಿದು ಕೂತಳು. ನಂತರ ಮಗಳನ್ನು ಹತ್ತಿರ ಎಳೆದುಕೊಂಡು, ಐದು ದಿನ ನಿನ್ನ ಮಾತು ನಂಬಲಿಲ್ಲ, ನನ್ನದೇ ತಪ್ಪು ಎಂದಳು. ನೋಡಿ ಮಕ್ಕಳೇ, ಒಪ್ಪಿಕೊಳ್ಳಲು ಅವಳಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಇಂಚರ ನಗಲಿಲ್ಲ. "ಕಲೆ ನಿಮ್ಮದೇ ಅಂತ ನಿಮಗೆ ಗೊತ್ತಿತ್ತಾ ಅಜ್ಜಿ? ಸೋಮವಾರದಿಂದಾ?" ಎಂದಷ್ಟೇ ಕೇಳಿದಳು. ಹ್ಞೂಂ ಎಂದೆ. ಅವಳು ಎದ್ದು ಹೋಗಿ ನಾಳೆಯ ಬಣ್ಣ, ಕುಂಚ ಎಲ್ಲ ಬ್ಯಾಗಿಗೆ ತುಂಬಿಕೊಂಡಳು. ಪಾತ್ರೆ ತೊಳೆಯಲು ನಾನು ಹೋದೆ. ಬ್ಯಾಂಡೇಜ್ ಬಿಚ್ಚಿದೆ, ಒಳಗೆ ಬೆರಳು ನಾಲ್ಕು ದಿನದ ವಿಶ್ರಾಂತಿಯಿಂದ ಬೆಳ್ಳಗಾಗಿತ್ತು.

ಶನಿವಾರ ವೀಣಾ ಮಗಳನ್ನು ಕರೆದುಕೊಂಡು ಶೃಂಗೇರಿಗೆ ಹೋದಳು. ಪ್ರಸನ್ನ, ಬಸ್ ಸ್ಟ್ಯಾಂಡ್ ಹಿಂದೆ ಸೀಟು ಹೊಲಿಯುವ ಇಬ್ರಾಹಿಂ ಸಾಹೇಬರನ್ನು ಕಳಿಸಿದ. ಲಾರಿಯ ಸೀಟಿನಿಂದ ಹಿಡಿದು ಮದುವೆ ಮಂಟಪದ ಕುರ್ಚಿಯವರೆಗೆ ಅವರ ಕೈ ದಾಟದ ಸೀಟು ಕೊಪ್ಪದಲ್ಲಿಲ್ಲ. ಅವರು ಮೇಲಿನ ಕಲೆಯನ್ನು ನೋಡಿದರು, ಮಗುಚಿ ಕೆಳಗಿನದನ್ನು ನೋಡಿದರು, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ನನಗೆ ನೆಲ ಬಿರಿದರೆ ಸಾಕಾಗಿತ್ತು. ಅವರು ಮಾತ್ರ ಬಹಳ ಗಂಭೀರವಾಗಿ, "ಒಳ್ಳೇದೇ ಆಯ್ತಮ್ಮ. ಈ ಬಟ್ಟೆಗೆ ಎಂತ ಹಿಡೀತದೆ, ಎಂತ ಹಿಡಿಯುದಿಲ್ಲ ಅಂತ ನೀವೇ ಬರೆದಿಟ್ಟಿದ್ದೀರಿ. ಒಂದನೇ ನಂಬರೇ ಸರಿ," ಎಂದರು. ಶಾಯಿ ಪೆನ್ನಿನ ಕಲೆ ಎಂದು ನೋಡಿದ ಕೂಡಲೇ ಹೇಳಿದರು. ನನ್ನನ್ನು ಏನೂ ಕೇಳಲಿಲ್ಲ. ಬಿಳಿ ಹತ್ತಿ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕಲೆಯ ಅಂಚಿನಿಂದ ಒಳಗೆ ಒತ್ತಿ ಒತ್ತಿ ತೆಗೆದರು. ನೀಲಿ ಹತ್ತಿದ ಬಟ್ಟೆಯನ್ನು ಬಿಟ್ಟು ಬೇರೆ ಬಟ್ಟೆ, ಆಮೇಲೆ ಸ್ವಲ್ಪ ಹಾಲು, ಮತ್ತೆ ತಣ್ಣೀರು. ನಾನು ಸಹಾಯಕ್ಕೆಂದು ಉಜ್ಜಲು ಹೋದೆ. "ಉಜ್ಜಬಾರದಮ್ಮ. ಉಜ್ಜಿದಷ್ಟೂ ಒಳಗೆ ಹೋಗ್ತದೆ. ಮೆಲ್ಲ ಒತ್ತುದು, ಬಿಡುದು, ಅದಾಗೇ ಬರ್ತದೆ," ಎಂದರು. ಮೂರು ಗಂಟೆಯಲ್ಲಿ ಹಲಸಿನ ಎಲೆ ಹೋಗಿ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ನೆರಳು ಉಳಿಯಿತು. ಕೆಳಮೈ ತೊಳೆಯಲೇ ಎಂದು ಕೇಳಿದರು. ಸಂಜೆ ಬಂದ ವೀಣಾ ಬೇಡ ಎಂದಳು. ಹೀಗಾಗಿ ಅದು ಹಾಗೆಯೇ ಇದೆ. ಈಗ ಯಾರ ಮನೆಯಲ್ಲಿ ಕಲೆಯಾದರೂ ಲಲಿತಮ್ಮ ಅವರನ್ನು ಇಲ್ಲಿಗೆ ಕರೆತಂದು ಕುಶನ್ ಮಗುಚಿ ತೋರಿಸುತ್ತಾರೆ. ಯಾರ ಕಣ್ಣಿಗೂ ಬೀಳಬಾರದೆಂದು ಇಷ್ಟು ವರ್ಷ ಮುಚ್ಚಿಟ್ಟು ಬರೆದವಳ ಬರಹವನ್ನು ಈಗ ಕೇರಿಯೇ ಓದುತ್ತದೆ, ಅದೂ ಎಲ್ಲರೂ ಕೂತು ಎದ್ದ ಮೇಲೆ.

ಇಂಚರಳಿಗೆ ಬಹುಮಾನ ಬರಲಿಲ್ಲ. ಸಂಜೆ ಬಂದು ಕೈಕಾಲು ತೊಳೆದು, ನನ್ನ ಪಕ್ಕ ಚಾಪೆಯ ಮೇಲೆ ಕೂತಳು. ಒಂದು ವಾರದಿಂದ ಎಲ್ಲರೂ ಯಾವ ಶಾಯಿ, ಯಾವ ಪೆನ್ನು ಎಂದೇ ಕೇಳಿದ್ದರು. ಅವಳು ಮೊದಲ ಸಲ, ಅವತ್ತು ಎಂತ ಬರೀತಿದ್ರಿ ಅಜ್ಜಿ ಎಂದು ಕೇಳಿದಳು. ಕೇಳಿದ್ದನ್ನು ಕೊಡದೆ ಇರುವಷ್ಟು ಮುಖ ನನಗೆ ಉಳಿದಿರಲಿಲ್ಲ. ಸೋಫಾದ ಹಿಂದಿನಿಂದ ನೋಟ್‌ಬುಕ್ ತೆಗೆದುಕೊಟ್ಟೆ. ಅವಳು ಕೊನೆಯ ಪುಟ ತೆರೆದು ಗಟ್ಟಿಯಾಗಿ ಓದಿದಳು: "ಮಕ್ಕಳೇ, ಬರವಣಿಗೆ ಎಂದರೆ ಶುಚಿಯಾಗಿರಬೇಕು. ಏಳು ವರ್ಷ ಶಾಲೆಯಲ್ಲಿ ಬರೆದರೂ ನನ್ನ ಪುಸ್ತಕದಲ್ಲಿ ಒಂದೇ ಒಂದು ಶಾಯಿಯ ಕಲೆ." ಅಲ್ಲಿಗೆ ನಿಂತಿತ್ತು. ಲಲಿತಮ್ಮ ಬಂದದ್ದು ಅಲ್ಲಿಯೇ.

ಇಂಚರ ಆಗ ನಕ್ಕಳು. ಐದು ದಿನದ ನಗು ಒಟ್ಟಿಗೆ ಬಂತು. ಮುಂದೆ ಏನು ಬರೆಯಬೇಕೆಂದಿದ್ದಿರಿ ಎಂದು ಕೇಳಿದಳು. ಇರಲಿಲ್ಲ ಎಂದು ಬರೆಯಬೇಕೆಂದಿದ್ದೆ ಎಂದೆ. ನಿಜವಾಗಿಯೂ ಇರಲಿಲ್ಲವೇ ಎಂದಳು. ಇನ್ನೊಂದು ಸುಳ್ಳಿಗೆ ನನ್ನಲ್ಲಿ ಬೆರಳು ಉಳಿದಿರಲಿಲ್ಲ. ಇತ್ತು, ಮಕ್ಕಳೇ. ಆರನೆಯ ತರಗತಿಯಲ್ಲಿ ಒಂದು ಕಲೆಯಾಗಿತ್ತು. ಆ ಹಾಳೆಯನ್ನು ಹರಿದು ಬಚ್ಚಲ ಒಲೆಗೆ ಹಾಕಿದ್ದೆ. ಸೋಫಾವನ್ನು ಹಾಗೆ ಮಾಡಲು ಬರುವುದಿಲ್ಲ.